ಸಿನ್ನರ್‌ನಿಂದ ಬಂದ ಲಾಗು

ಮದುವೆಯಾದ ವರ್ಷ ನನ್ನ ಗಂಡ ನನಗಿಂತ ಹೆಚ್ಚಾಗಿ ಬೋರ್‌ವೆಲ್‌ಗಳ ಜೊತೆಗೇ ಸಂಸಾರ ಮಾಡಿದರು. ಅದು ಎಪ್ಪತ್ತರ ದಶಕ. ನಾವಿಬ್ಬರೂ ಬೀದರ್ ಕಡೆಯವರು, ಅಂತರ್ಜಲ ಹುಡುಕುವ ಒಂದೇ ಕಚೇರಿಯ ನೌಕರರು. ನಾನು ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಮೇಜಿನ ಮುಂದೆ. ಅವರು ನಾಸಿಕ್ ಜಿಲ್ಲೆಯ ಸಿನ್ನರ್ ಕಡೆ, ಬಿಸಿಲಿನಲ್ಲಿ.

ಕೊರೆದ ಬಾವಿಯೊಳಗೆ ತಂತಿ ಇಳಿಸಿ, ಕಲ್ಲು ವಿದ್ಯುತ್ತನ್ನು ಎಷ್ಟು ತಡೆಯುತ್ತದೆ ಎಂದು ಅಡಿ ಅಡಿಗೂ ಅಳೆಯುವುದು ಅವರ ಕೆಲಸ. ಆ ಅಳತೆಯ ಗೆರೆ ಇರುವ ಉದ್ದ ಕಾಗದದ ಸುರುಳಿಗೆ ಲಾಗ್ ಎನ್ನುತ್ತಿದ್ದೆವು. ವಾರಕ್ಕೊಮ್ಮೆ ಎಸ್.ಟಿ. ಬಸ್ಸಿನಲ್ಲಿ ಸುರುಳಿಗಳು ಬರುತ್ತಿದ್ದವು, ಜೊತೆಗೆ ಬಾವಿಯ ಕಲ್ಲಿನ ಚೂರು ತುಂಬಿದ ಬಟ್ಟೆಯ ಚೀಲಗಳು. ಅವನ್ನು ಓದಿ ಯಾವ ಪದರದಲ್ಲಿ ನೀರಿದೆ ಎಂದು ಹೇಳುವವಳು ನಾನು. ಗಟ್ಟಿ ಕರಿಕಲ್ಲಿದ್ದಲ್ಲಿ ಗೆರೆ ಬಲಕ್ಕೆ ಚಾಚುತ್ತದೆ, ನೀರಿದ್ದಲ್ಲಿ ಎಡಕ್ಕೆ ಜಾರುತ್ತದೆ. ತೊಡಕೇನೆಂದರೆ, ಕಲ್ಲಿನ ಹಾಸುಗಳ ನಡುವೆ ಸಿಗುವ ಕೆಂಪು ಜೇಡಿಮಣ್ಣೂ ಗೆರೆಯನ್ನು ಎಡಕ್ಕೇ ಎಳೆಯುತ್ತದೆ, ಅದರಿಂದ ಹನಿ ನೀರೂ ಬರುವುದಿಲ್ಲ. ಆದ್ದರಿಂದ ಗೆರೆಯ ಜೊತೆಗೆ ಚೂರುಗಳನ್ನೂ, ತಂತಿ ಇಳಿಸಿದವರು ಬರೆದ ಷರಾವನ್ನೂ ನೋಡಬೇಕು.

ಅವರು ಮನೆಗೆ ಹಾಕುತ್ತಿದ್ದ ಕಾರ್ಡಿನಲ್ಲಿ ‘ಕ್ಷೇಮ, ಬಿಸಿಲು ಬಹಳ’ ಎಂಬುದನ್ನು ಬಿಟ್ಟರೆ ಏನೂ ಇರುತ್ತಿರಲಿಲ್ಲ. ಷರಾ ಮಾತ್ರ ನಾಲ್ಕಾರು ಸಾಲು. ಕಲ್ಲಿನ ಮೇಲೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು ಎಂದರೆ ನಗಬೇಡಿ.

ಆಗ ನನಗೆ ಐದು ತಿಂಗಳು. ಏಳಕ್ಕೆ ಕುಬಸ ಮಾಡಿ ತವರಿಗೆ ಕರೆದೊಯ್ಯುತ್ತೇವೆ ಎಂದು ಅವ್ವ ಕಾಗದ ಬರೆಸಿದ್ದಳು. ಒಮ್ಮೆ ಹೋದರೆ ಬಾಣಂತನ ಮುಗಿಯುವ ತನಕ ಕಳಿಸುವವಳಲ್ಲ. ನಮ್ಮಿಬ್ಬರದೇ ಎಂದು ಉಳಿದದ್ದು ಎರಡು ತಿಂಗಳು. ಸಿನ್ನರ್ ಕಡೆಯ ಕೊನೆಯ ಬಾವಿಯಲ್ಲೂ ನೀರಿಲ್ಲ ಎಂದಾದರೆ ತಂಡ ಪೈಠಣಕ್ಕೆ ಬರುವುದಿತ್ತು. ಅಲ್ಲಿಂದ ಸಂಜೆಯ ಬಸ್ಸು ಹಿಡಿದು ಅವರು ದಿನಾ ಮನೆಗೆ ಬರಬಹುದಿತ್ತು. ನೀರು ಸಿಕ್ಕರೆ ಪಂಪು ಕೂರಿಸಿ ಪರೀಕ್ಷೆ, ಆಮೇಲೆ ಸುತ್ತಮುತ್ತ ಇನ್ನಷ್ಟು ಬಾವಿ. ಎರಡು ತಿಂಗಳು ಅದರಲ್ಲೇ ಮುಗಿದುಹೋಗುತ್ತಿತ್ತು.

ಆ ಬಾವಿಯ ಲಾಗ್ ಬಂತು. ನೂರಿಪ್ಪತ್ತು ಅಡಿಯ ಕೆಳಗೆ ಗೆರೆ ಎಡಕ್ಕೆ ಜಾರಿತ್ತು. ಷರಾದಲ್ಲಿ ಅವರ ಕೈಬರಹ: ‘ಕೆಂಪು ಮಣ್ಣು. ನೀರಿಲ್ಲ.’ ನನಗೆ ಕುಣಿಯುವಷ್ಟು ಸಂತೋಷವಾಯಿತು.

ರೂಢಿಯಂತೆ ಚೀಲ ಬಿಚ್ಚಿ ಚೂರುಗಳನ್ನು ನೀರಿನ ಲೋಟಕ್ಕೆ ಹಾಕಿದೆ. ಜೇಡಿಮಣ್ಣಾಗಿದ್ದರೆ ನೀರು ಕದಡಿ ಕೆಂಪಾಗಬೇಕಿತ್ತು. ಆಗಲಿಲ್ಲ. ತಳದಲ್ಲಿ ಕೂತದ್ದು ತೂತು ತೂತಾದ ಕಲ್ಲು, ಹೊಟ್ಟೆಯಲ್ಲಿ ನೀರಿಟ್ಟುಕೊಳ್ಳುವಂಥದ್ದು. ಅಷ್ಟು ಬಾವಿ ಕಂಡ ಮನುಷ್ಯ ಇದರಲ್ಲಿ ತಪ್ಪುವವರೇ ಅಲ್ಲ. ಬೇಕೆಂದೇ ಸುಳ್ಳು ಬರೆದಿದ್ದರು. ಚೂರುಗಳನ್ನು ಬದಲಿಸುವುದಕ್ಕೆ ಮಾತ್ರ ಮನಸ್ಸು ಬಂದಿರಲಿಲ್ಲ, ಮಹಾರಾಯರಿಗೆ. ಉಳಿದದ್ದನ್ನು ನನ್ನ ತಲೆಗೆ ಕಟ್ಟಿದ್ದರು. ಸಿಟ್ಟು ಬಂತು. ಅಷ್ಟು ಪ್ರೀತಿಯೂ ಹಿಂದೆಂದೂ ಬಂದಿರಲಿಲ್ಲ.

ಮೇಜಿನ ಬಳಿ ಬಂದ ಸಾಹೇಬರು ಕೇಳಿದರು: “ಕಾಯ್ ಬಾಯಿ, ಮಾತಿ ಕೀ ಪಾಣಿ?” ಮಣ್ಣೋ ನೀರೋ?

ಲೋಟವನ್ನು ಕಿಟಕಿಯಾಚೆ ಚೆಲ್ಲಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಊರಿನ ಹೆಂಗಸರು ಒಂದು ಕೊಡಕ್ಕಾಗಿ ಎರಡು ಮೈಲಿ ನಡೆಯುತ್ತಾರೆ ಎಂದು ಹಿಂದಿನ ವಾರದ ಷರಾದಲ್ಲಿ ನನ್ನ ಗಂಡನೇ ಬರೆದಿದ್ದರು.

“ಪಾಣಿ,” ಎಂದೆ. ಅವರ ಸಾಲಿನ ಮೇಲೆ ಪೆನ್ಸಿಲ್ ಎಳೆದೆ. ಸಂಜೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ನೀರು ಧಾರಾಳವಾಗಿ ಬಂತು. ಅವರು ಬರಲಿಲ್ಲ. ಕುಬಸಕ್ಕೂ ರಜೆ ಸಿಗಲಿಲ್ಲ. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಬೀದರಿಗೆ ಬಂದರು. ಎಲ್ಲರೂ ಊಟಕ್ಕೆ ಎದ್ದಾಗ ಕೇಳಿದೆ:

“ಸುಳ್ಳ ಯಾಕ ಬರದಿದ್ರಿ?”

ಅವರು ಮಗುವನ್ನೇ ನೋಡುತ್ತಿದ್ದರು. “ಮನಿಗಿ ಬರಬೇಕ ಅನಸ್ತು,” ಎಂದರು.

ಮುಂದೆ ಮೂವತ್ತು ವರ್ಷ ಒಂದೇ ಸೂರಿನಡಿ ಇದ್ದೆವು, ಬೇಸರವಾಗುವಷ್ಟು ಜಗಳವನ್ನೂ ಆಡಿದೆವು. ಅಂಥ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ. ಅವರು ತೀರಿಕೊಂಡ ಮೇಲೆ, ಸಿನ್ನರ್ ಕಡೆಯಿಂದ ಬಂದವರೊಬ್ಬರು ಆ ಬಾವಿ ಇನ್ನೂ ನೀರು ಕೊಡುತ್ತಿದೆ ಎಂದರು. ಒಳ್ಳೆಯದಾಯಿತು. ಇವತ್ತು ಕೇಳಿದರೂ ನಾನು ನೀರೆಂದೇ ಹೇಳುತ್ತೇನೆ. ಆದರೆ ಆ ಎರಡು ತಿಂಗಳು ನನಗೆ ಬೇಕಾಗಿತ್ತು. ಈಗಲೂ ಬೇಕು.