ಅರವತ್ತಮೂರು ಅರ್ಜಿ, ಒಂದೇ ಕೈಬರಹ

ಇಳಕಲ್ಲಿನ ಸೀರೆ ಅಂಗಡಿಯಲ್ಲಿ ಹಣಮೇಶನಿಗಿದ್ದ ಕೆಲಸ ಸೀರೆ ಬಿಚ್ಚುವುದು, ಮತ್ತೆ ಮಡಚುವುದು. ಬಿಚ್ಚಿದ ನೂರರಲ್ಲಿ ಹತ್ತು ಹೋದರೆ ಸಾವುಕಾರರಿಗೆ ಹಬ್ಬ. ಉಳಿದ ತೊಂಬತ್ತು ಹಣಮೇಶನ ಪಾಲಿನ ಬದುಕು. ಶಿರೂರಿನಿಂದ ಬಿ.ಎ. ಹೊತ್ತುಕೊಂಡು ಬಂದವನು, ಪಿಎಸ್‌ಐ ಪರೀಕ್ಷೆಯನ್ನು ಎರಡು ಸಲ ಬರೆದು ಎರಡೂ ಸಲ ಅದೇ ಫಲಿತಾಂಶ ಪಡೆದ ಸ್ಥಿರಬುದ್ಧಿಯ ಮನುಷ್ಯ. ಆ ಓದಿನಿಂದ ದಕ್ಕಿದ್ದೆಂದರೆ, ನೋಟ್ಸು ಬರೆದೂ ಬರೆದೂ ಮುತ್ತು ಪೋಣಿಸಿದಂತಾದ ಅಕ್ಷರ. ತನ್ನ ಮೋರೆಯ ಬಗ್ಗೆ ಅವನಿಗೆ ಯಾವ ಭ್ರಮೆಯೂ ಇರಲಿಲ್ಲ. ಕೈಬರಹದ ಬಗ್ಗೆ ಮಾತ್ರ ಬಹಳವಿತ್ತು.

ಊರನ್ನೇ ತಿದ್ದಬೇಕೆಂಬ ಹುರುಪು ಅವನಿಗೆ ಹತ್ತಿದ್ದು ಇಪ್ಪತ್ತೈದನೇ ವಯಸ್ಸಿನಲ್ಲಿ. ಅವನು ಬಾಡಿಗೆಗಿದ್ದ ಓಣಿಯಲ್ಲೇ ಮುದಿ ನೇಕಾರ ಖಾಸಿಂಸಾಬರ ಮಗ್ಗದ ಮನೆ ಖಾಲಿ ಬಿದ್ದಿತ್ತು. ಮಕ್ಕಳು ಗ್ರಾನೈಟ್ ಪಾಲಿಶ್ ಕೆಲಸ ಹಿಡಿದಿದ್ದರಿಂದ ಮಗ್ಗಗಳು ಹೋಗಿ, ನೇಯುವಾಗ ಕಾಲಿಳಿಬಿಟ್ಟು ಕೂರುವ ನಾಲ್ಕು ಕುಣಿಗಳು ನೆಲದಲ್ಲಿ ಬಾಯ್ದೆರೆದುಕೊಂಡಿದ್ದವು.

"ಸಾಲಿ ಮಾಡ್ತೇನಿ ಚಾಚಾ. ಓದೋರು ಓದ್ಲಿ, ಊರ ಕೆಲಸ ಮಾಡೋರು ಕುಂತು ಮಾತಾಡ್ಲಿ. ಫೀ ಇಲ್ಲ, ಏನಿಲ್ಲ" ಎಂದ ಹಣಮೇಶ.

"ಮಾಸ್ತರ ಯಾರು?"

"ನಾನ."

ಖಾಸಿಂಸಾಬರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಆತು, ಮಾಡು. ಆದ್ರ ಕುಣಿ ಮುಚ್ಚಬ್ಯಾಡ. ಆರ ತಿಂಗಳಕ್ಕ ನಿನಗ ಬ್ಯಾಸರಾದ್ರ ನಾ ಮತ್ತ ಮಗ್ಗ ಹೂಡಬೇಕಾಗತೈತಿ."

ಹಣಮೇಶ ತಾನೇ ಗೋಡೆಯ ಮೇಲೆ ಹೆಸರು ಬರೆದ: ಜನಪರ ಅಧ್ಯಯನ ಹಾಗೂ ಸಮುದಾಯ ಚಳವಳಿ ಕೇಂದ್ರ. ಗೋಡೆ ಸಣ್ಣದು, ಕನಸು ದೊಡ್ಡದು. ‘ಕೇಂದ್ರ’ ಮೂಲೆ ತಿರುಗಿ ಪಕ್ಕದ ಮನೆಯವರ ಗೋಡೆಗೆ ಹೋಗಿ ಕೂತಿತು. ಓಣಿಯವರು ಅಷ್ಟುದ್ದ ಓದುವ ಗೋಜಿಗೆ ಹೋಗದೆ ‘ಕುಣಿಸಾಲಿ’ ಎಂದು ಕರೆದು ಕೈತೊಳೆದುಕೊಂಡರು. ಉದ್ಘಾಟನೆಯ ದಿನ ಅವನು ನಲವತ್ತು ನಿಮಿಷ ಭಾಷಣ ಮಾಡಿದ. ಕೇಳಿದವರು ನಾಲ್ವರು, ಅವರಲ್ಲಿ ಖಾಸಿಂಸಾಬರು ಕೀಲಿಕೈ ಕೊಡಲು ಬಂದವರು.

ಆದರೂ ಕುಣಿಸಾಲಿ ನಿಂತಿತು. ಮುಂಜಾನೆ ಆರರಿಂದ ಒಂಬತ್ತೂವರೆ, ಮತ್ತೆ ಅಂಗಡಿಯ ಮಧ್ಯಾಹ್ನದ ಬಿಡುವು. ಬೆಂಚು ಬೇಕಾಗಲೇ ಇಲ್ಲ, ಮಕ್ಕಳು ಕುಣಿಯ ಅಂಚಿಗೆ ಕೂತು ಕಾಲು ಇಳಿಬಿಟ್ಟು ಓದುತ್ತಿದ್ದರು. ಡಿಗ್ರಿ ಎರಡನೇ ವರ್ಷದ ಮುಬಶೀರಾ ಲೆಕ್ಕ ಹೇಳಿಕೊಡಲು ಬಂದಳು. ದೊಡ್ಡವರು ಬಂದದ್ದು ಅರ್ಜಿಗಾಗಿ. ಕಟ್ಟಿಕೊಂಡ ಗಟಾರ, ಉರಿಯದ ಬೀದಿದೀಪ, ಎಲ್ಲಕ್ಕೂ ಹಣಮೇಶ ಬರೆದ. ಮೂರನೇ ಅರ್ಜಿಗೆ ಗಟಾರ ಸ್ವಚ್ಛವಾದದ್ದೇ ತಡ, ‘ಅರ್ಜಿ ಹಣಮೇಶ’ನ ಹೆಸರು ಮೂರು ಓಣಿ ದಾಟಿತು.

"ಅಣ್ಣಾ, ಇದು ಸಾಲಿನೋ ಅರ್ಜಿ ಅಂಗಡಿನೋ?" ಎಂದು ಮುಬಶೀರಾ ಕೇಳಿದಳು. "ಎರಡ ವರ್ಷಾತು. ದೊಡ್ಡೋರೊಳಗ ಒಬ್ಬರಾದ್ರೂ ಒಂದ ಅಕ್ಷರ ಕಲ್ತಾರೇನು?"

"ಕೆಲಸ ಆಗೋದು ಮುಖ್ಯ ತಂಗಿ, ಯಾರು ಬರೀತಾರನ್ನೋದಲ್ಲ." ಈ ಮಾತು ಅವನಿಗೇ ಎಷ್ಟು ಚೆನ್ನಾಗಿ ಕೇಳಿಸಿತೆಂದರೆ, ಡೈರಿಯಲ್ಲೂ ಬರೆದುಕೊಂಡ.

ಅಷ್ಟರಲ್ಲಿ ಸರಕಾರ ನೇಕಾರರ ಹೊಸ ಪಟ್ಟಿ ಮಾಡುವ ಸುದ್ದಿ ಬಂತು. ಇಳಕಲ್ ಸೀರೆಗೆ ಮಗ್ಗದಲ್ಲಿ ಕೂರುವವನು ಒಬ್ಬನಾದರೂ ಅವನ ಹಿಂದೆ ಹೆಂಗಸರ ಸಾಲೇ ಇರುತ್ತದೆ. ಲಾಳಿಯಲ್ಲಿ ಓಡುವ ನೂಲನ್ನು ಕಂಡಿಕೆಯೆಂಬ ಸಣ್ಣ ಕೊಳವೆಗೆ ಸುತ್ತುವವರು, ಸೀರೆಯ ಮೈಯ ಎಳೆಗೂ ಸೆರಗಿನ ಎಳೆಗೂ ಕುಣಿಕೆಗೆ ಕುಣಿಕೆ ಹಾಕಿ ಕೊಂಡಿ ಕೂಡಿಸುವವರು. ಹನ್ನೆರಡು ವರ್ಷದ ಹಿಂದಿನ ಪಟ್ಟಿಯಲ್ಲಿ ಇವರ್ಯಾರೂ ಇರಲಿಲ್ಲ. ಈ ಸಲ ಅವರಿಗೂ ಕಾರ್ಡು, ಅದರ ಜೊತೆ ವಿಮೆ, ಮಕ್ಕಳಿಗೆ ವಿದ್ಯಾರ್ಥಿವೇತನ. ಪ್ರತಿಯೊಬ್ಬಳೂ ತನ್ನ ಕೆಲಸವೇನೆಂದು ಅರ್ಜಿ ಕೊಡಬೇಕು, ಅಷ್ಟೇ.

ಅಷ್ಟೇ ಎಂದ ಮೇಲೆ ಹಣಮೇಶನನ್ನು ಹಿಡಿಯುವವರು ಯಾರು? ಒಂದು ಭಾನುವಾರ ಕೂತು ಅರವತ್ತಮೂರು ಹೆಂಗಸರ ಅರವತ್ತಮೂರು ಅರ್ಜಿ ಬರೆದು ಮುಗಿಸಿದ. ಒಂದರಲ್ಲೂ ಒಂದು ಚಿತ್ತಿಲ್ಲ. ಮುಬಶೀರಾ "ಅವರ ಕಡೆ ಬರಸೂಣು ಅಣ್ಣಾ" ಎಂದದ್ದಕ್ಕೆ "ಟೈಮ್ ಎಲ್ಲೈತಿ?" ಎಂದು ಪೆನ್ನು ಝಾಡಿಸಿದ್ದ.

ಸರ್ವೆ ಕ್ಯಾಂಪಿನ ಮೊದಲ ದಿನ ಹೆಂಗಸರು ಅರ್ಜಿಗಳ ಕಟ್ಟು ಒಯ್ದು ಮೇಜಿನ ಮೇಲಿಟ್ಟರು. ದಕ್ಷಿಣದ ಕಡೆಯಿಂದ ಬಂದಿದ್ದ ಅಧಿಕಾರಿ ಒಂದು ಓದಿದರು, ಎರಡು ಓದಿದರು, ಹತ್ತನೆಯದಕ್ಕೆ ಕನ್ನಡಕ ತೆಗೆದರು. ಸಾಲಿನ ಮುಂದೆ ನಿಂತಿದ್ದವಳು ಶಿವಲಿಂಗವ್ವ, ನಲವತ್ತು ವರ್ಷದಿಂದ ಕಂಡಿಕೆ ಸುತ್ತುವವಳು.

"ಅಮ್ಮಾ, ‘ನೇಯ್ಗೆಯ ಪೂರ್ವಭಾವಿ ಪ್ರಕ್ರಿಯೆಗಳಲ್ಲಿ ನಿರತಳಾಗಿರುತ್ತೇನೆ’ ಅಂತ ಬರೆದಿದ್ದೀರಿ. ಹಾಗಂದರೆ ಯಾವ ಕೆಲಸ?"

"ನನಗೇನ ಗೊತ್ರಿ ಸಾಹೇಬ್ರ? ಹಣಮೇಶ ಬರದಾನ. ಛಲೋದ ಇರಬೇಕು."

ಸಾಲೆಲ್ಲ ನಕ್ಕಿತು. ಅಧಿಕಾರಿ ನಗಲಿಲ್ಲ. "ಅರವತ್ತಮೂರು ಜನ, ಒಂದೇ ಕೈ, ಒಂದೇ ಮಾತು. ಹೋದ ತಿಂಗಳು ದಲ್ಲಾಳಿಯೊಬ್ಬ ಹೀಗೇ ಬರೆದು ತಂದಿದ್ದ. ಅದರಲ್ಲಿ ಅರ್ಧ ಜನ ನೂಲನ್ನೇ ಮುಟ್ಟಿದವರಲ್ಲ. ಬೆಳಿಗ್ಗೆಯಿಂದ ಸಂಜೆತನಕ ಏನು ಮಾಡುತ್ತೀರಿ ಅಂತ ಐದು ಸಾಲು ನಿಮ್ಮ ಕೈಯಲ್ಲೇ ಬರೆದು ತನ್ನಿ. ಬರೆಯೋಕೆ ಬಾರದವರ ಮನೆಗೆ ನಾನೇ ಬಂದು ನೋಡಬೇಕಾಗುತ್ತೆ, ಈ ಸುತ್ತಿನಲ್ಲಿ ಆಗಲ್ಲ. ಮುಂದಿನ ಪಟ್ಟಿಗೆ ನೋಡೋಣ. ಕ್ಯಾಂಪು ಇನ್ನು ಹನ್ನೆರಡು ದಿನ ಇರುತ್ತೆ."

ಮುಂದಿನ ಪಟ್ಟಿ! ಹನ್ನೆರಡು ವರ್ಷಕ್ಕೊಮ್ಮೆ ಬರುವ ಪಟ್ಟಿ. ಅರವತ್ತಮೂರರಲ್ಲಿ ನಲವತ್ತು ಮಂದಿ ನಾಲ್ಕನೆಯದೋ ಐದನೆಯದೋ ಓದಿ ಮರೆತವರು. ಇಪ್ಪತ್ತಮೂರು ಮಂದಿ ಶಾಲೆಯ ಹೊಸ್ತಿಲನ್ನೇ ತುಳಿದವರಲ್ಲ.

ಜನನಾಯಕ ಹಣಮೇಶ ಆಗ ಮಾಡಿದ್ದು, ಕುಣಿಸಾಲಿಗೆ ಬೀಗ ಜಡಿದು ಅಂಗಡಿಯೊಳಗೆ ಅಡಗಿದ್ದು. ಎರಡು ದಿನ ಓಣಿಯ ಹಿಂಬದಿಯ ದಾರಿಯಿಂದ ಓಡಾಡಿದ. ಮೂರನೆಯ ದಿನ ಅಂಗಡಿಯ ಮೆಟ್ಟಿಲು ಹತ್ತಿ ಶಿವಲಿಂಗವ್ವ, ಖಾಸಿಂಸಾಬರ ಹೆಂಡತಿ ಮಾಸುಮಬಿ ಮತ್ತು ಮುಬಶೀರಾ ಬಂದರು. ಬಂದವರೇ ಗಿರಾಕಿಗಳ ಗಾದಿಯ ಮೇಲೆ ಕೂತರು. ಜೀವಮಾನವೆಲ್ಲ ಸೀರೆಗೆ ದುಡಿದ ಆ ಇಬ್ಬರು ಮುದುಕಿಯರು ಆ ಗಾದಿಯ ಮೇಲೆ ಕೂತದ್ದು ಅದೇ ಮೊದಲು.

"ಆ ಗಿಳಿಹಸರ ತಗಿ" ಎಂದಳು ಶಿವಲಿಂಗವ್ವ. ಹಣಮೇಶ ತೆಗೆದ. "ಎರಡ ದಿನಾತು, ಬಾಗಲಾ ಯಾಕ ತಗದಿಲ್ಲ?"

ಸಾವುಕಾರರು ಇತ್ತ ನೋಡಿದರು. "ಏನ ಬೇಕಾಗಿತ್ತವ್ವಾ?"

"ಬಣ್ಣ ನೋಡಾಕತ್ತೇವ್ರಿ ಸಾವುಕಾರ್ರ. ಲೇ ತಮ್ಮಾ, ಆ ದಾಳಿಂಬ್ರಿ ಬಣ್ಣದ್ದು ಬಿಚ್ಚು. ನಿನಗ ನಾಚಿಕಿ ಬಂತಂತ ನೀ ಕೀಲಿ ಹಾಕಿದ್ರ ನಮ್ಮ ಕಾರ್ಡ ಯಾರ ಕೊಡ್ತಾರ, ನಿಮ್ಮಪ್ಪ?"

"ಹನ್ನೆರಡ ದಿನದಾಗ ಹೆಂಗ ಆಗತೈತಿ ಅತ್ತಿ..."

"ಹತ್ತ. ಎರಡ ನೀ ತಿಂದಿ. ಆ ಕರೇದನ್ನೂ ಬಿಚ್ಚು."

ಮಾಸುಮಬಿ ಈ ಜಗಳದಲ್ಲಿರಲಿಲ್ಲ. ಬಿಚ್ಚಿದ ಸೀರೆಗಳ ಸೆರಗು ಕೂಡುವ ಜಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದಳು. "ಇದು ಮೂಲಿಮನಿ ಲಲಿತಾಂದು. ಬಿಗಿ ಎಳಿತಾಳ. ಇದು ನಂದು."

"ಹೆಂಗ ಗೊತ್ತಾತು ಚಾಚಿ?"

"ಕೈ ಗೊತ್ತಾಗಂಗಿಲ್ಲೇನೋ? ಸಾವಿರ ಕೊಂಡಿ ಹಾಕಿದ್ರೂ ಒಬ್ಬಾಕಿ ಕೈ ಇನ್ನೊಬ್ಬಾಕಿಗಿ ಬರಂಗಿಲ್ಲ."

ಆ ಜೋಡಣೆಯನ್ನು ಹಣಮೇಶ ನಾಲ್ಕು ವರ್ಷ ದಿನಕ್ಕೆ ನೂರು ಸಲ ಬಿಚ್ಚಿ ನೂರು ಸಲ ಮಡಚಿದ್ದ. ನೋಡಿದ್ದು ಮಾತ್ರ ಅಂದೇ. ಅಧಿಕಾರಿ ಕನ್ನಡಕ ತೆಗೆದದ್ದೇಕೆಂದು ಅವನಿಗೆ ಆಗ ತಿಳಿಯಿತು. ಮುದುಕಿಯರು ಮೂವತ್ತನಾಲ್ಕು ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, "ಸಂಜಿಕ ವಿಚಾರ ಮಾಡ್ತೇವ್ರಿ" ಎಂದು ಎದ್ದುಹೋದರು.

ಮರುದಿನ ಮುಂಜಾನೆ ಕುಣಿಸಾಲಿಯ ಬಾಗಿಲು ತೆರೆಯಿತು. ಹೇಗೆ ಕಲಿಸುವುದೆಂದು ಹಣಮೇಶ ಹಾಳೆಯ ಮೇಲೆ ಯೋಜನೆ ಹಾಕಿಕೊಂಡು ಬಂದಿದ್ದ. ಮಾಸುಮಬಿ ಅದನ್ನು ಮಡಚಿ ಕೆಳಗಿಟ್ಟಳು.

"ಕೊಂಡಿ ಹೆಂಗ ಕೂಡಸ್ತೇವಿ? ಎದುರಾ ಬದರಾ ಕುಂತು. ಒಬ್ಬಾಕಿ ಎಳಿ ಕೊಡ್ತಾಳ, ಇನ್ನೊಬ್ಬಾಕಿ ಹಿಡೀತಾಳ. ಇದಕ್ಕೂ ಹಂಗ ಕುಂದ್ರೂಣು."

ಹಾಗೇ ಆಯಿತು. ಅಕ್ಷರ ಬಲ್ಲವಳು ಕುಣಿಯ ಈ ಅಂಚಿಗೆ, ಬಾರದವಳು ಆ ಅಂಚಿಗೆ. ಕುಣಿ ತುಂಬಿದ ಮೇಲೆ ಉಳಿದವರು ಪಡಸಾಲೆಯಲ್ಲಿ, ಕಟ್ಟೆಯ ಮೇಲೆ. ಮುಬಶೀರಾ ಅ ಆ ಇ ಈ ಎನ್ನದೆ ಅವರವರ ಐದು ಸಾಲಿನ ಮಾತನ್ನೇ ಹಿಡಿದಳು: ನೂಲು, ರಾಟಿ, ಕಂಡಿಕಿ, ಸೆರಗು. ದಿನಾ ಬಾಯಲ್ಲಿದ್ದ ಮಾತುಗಳು ಹಾಳೆಯ ಮೇಲೆ ಬಂದಾಗ ಹೆಂಗಸರು "ಇಷ್ಟನ?" ಎಂದು ಮೂಗಿನ ಮೇಲೆ ಬೆರಳಿಟ್ಟರು. ಹಣಮೇಶ ಪೆನ್ನು ಮುಟ್ಟಬಾರದೆಂಬ ಠರಾವು ಸರ್ವಾನುಮತದಿಂದ ಪಾಸಾಯಿತು. ಅವನಿಗೆ ಉಳಿದದ್ದು ಪೆನ್ಸಿಲ್ಲು ಚೂಪು ಮಾಡುವುದು, ಚಹಾ ತರುವುದು.

"ಈಗ ನೀ ಖರೆ ಜನಸೇವಾ ಮಾಡಾಕತ್ತಿ ನೋಡು" ಎಂದರು ಖಾಸಿಂಸಾಬರು, ಕಪ್ಪು ಚಾಚುತ್ತ.

ಏಳನೆಯ ದಿನಕ್ಕೆ ಐವತ್ತೊಂದು ಅರ್ಜಿ ತಯಾರಾದವು. ಹಿಂದೆ ಬಿದ್ದವರಲ್ಲಿ ಶಿವಲಿಂಗವ್ವ ಎಲ್ಲರಿಗಿಂತ ಹಿಂದೆ. ಪೆನ್ಸಿಲ್ಲನ್ನು ರಾಟಿಯ ಹಿಡಿಕೆಯಂತೆ ಒತ್ತಿಹಿಡಿದು ಹಾಳೆ ಹರಿಯುತ್ತಿದ್ದಳು. ನಾಲ್ಕು ಹಾಳೆ ಹರಿದು, ಐದನೆಯದರಲ್ಲಿ ಎರಡು ಸಾಲಿಗೇ ಸೋತು ಎದ್ದೇಬಿಟ್ಟಳು. "ನನ್ನ ಹೆಸರ ತಗದ ಬಿಡ್ರಿ. ಅರವತ್ತೆರಡಾದ್ರ ಸರಕಾರೇನ ಮುಳಗಂಗಿಲ್ಲ" ಎಂದು ನೀರು ಕುಡಿಯಲು ಹೋದಳು.

ಅವಳು ಬಿಟ್ಟುಹೋದಲ್ಲಿ ಆ ಐದನೆಯ ಹಾಳೆ, ಅದರಲ್ಲಿ ಎರಡು ಸೊಟ್ಟ ಸಾಲು. ಹಣಮೇಶ ಆಚೀಚೆ ನೋಡಿದ. ಬರೀ ಮೂರು ಸಾಲು. ಸೊಟ್ಟಗೆ ಬರೆದರೆ ಯಾರಿಗೆ ಗೊತ್ತಾದೀತು? ಪೆನ್ಸಿಲ್ಲೆತ್ತಿ ಒಂದು ಅಕ್ಷರ ಬರೆದ. ಹಾಳಾದ್ದು, ಸೊಟ್ಟಗೆ ಬರೆದರೂ ಅಂದವಾಗಿಯೇ ಬಂತು. ಇನ್ನಷ್ಟು ಕೆಡಿಸಲು ನೋಡುತ್ತಿದ್ದಾಗ ಬೆರಳ ಗೆಣ್ಣಿನ ಮೇಲೆ ನೀರು ಕುಡಿದ ಸ್ಟೀಲಿನ ವಾಟಗ ಬಿತ್ತು.

"ಕೈ ತಗಿ!" ಶಿವಲಿಂಗವ್ವನ ಕಣ್ಣು ಕೆಂಪಾಗಿದ್ದವು. "ನನ್ನ ಮಗ್ಗದ ಹಾಸಿನ್ಯಾಗ ನಿನ್ನ ಎಳಿ ಯಾಕೋ?"

ಆ ಹಾಳೆಯನ್ನೂ ಹರಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂತವಳು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ಅವಳ ಎದುರು ಕೂತಿದ್ದ ಲಲಿತಾ, ಕೊಂಡಿಯನ್ನು ಬಿಗಿ ಎಳೆಯುವ ಅದೇ ಲಲಿತಾ, ಪೆನ್ಸಿಲ್ಲು ಸಡಿಲ ಹಿಡಿಯುವುದು ಹೇಗೆಂದು ಹೇಳಿಕೊಡುತ್ತಿದ್ದಳು.

ಕ್ಯಾಂಪಿನ ಕೊನೆಯ ದಿನ ಅರವತ್ತಮೂರು ಮಂದಿ ತಮ್ಮ ತಮ್ಮ ಹಾಳೆ ಹಿಡಿದು ಸಾಲು ನಿಂತರು. ಕೆಲವರ ಅಕ್ಷರ ರೊಟ್ಟಿಯಷ್ಟು, ಕೆಲವರದು ಜೋಳದ ಕಾಳಿನಷ್ಟು. ಅಧಿಕಾರಿ ಪ್ರತಿಯೊಬ್ಬರಿಂದಲೂ ಓದಿಸಿದರು. ಶಿವಲಿಂಗವ್ವನ ಸರದಿ ಬಂದಾಗ ಹಣಮೇಶ ಕಿಟಕಿಯ ಹೊರಗೆ ನಿಂತು ತನ್ನ ಪರೀಕ್ಷೆಗೂ ಬೆವರದಷ್ಟು ಬೆವರಿದ.

ಅವಳು ಬೆರಳಿಟ್ಟು ಓದಿದಳು. "ಮುಂಜಾನಿ ಐದಕ್ಕ ಏಳ್ತೇನಿ. ರಾಟಿ ಮುಂದ ಕುಂದರ್ತೇನಿ. ದಿನಕ್ಕ ಎಂಬತ್ತ ಕಂಡಿಕಿ ಸುತ್ತತೇನಿ. ನಾ ಸುತ್ತಲಿಲ್ಲಂದ್ರ ಲಾಳಿ ಓಡಂಗಿಲ್ಲ. ಲಾಳಿ ಓಡಲಿಲ್ಲಂದ್ರ ಸೀರಿ ಇಲ್ಲ."

"ದಿನಕ್ಕೆ ಎಂಬತ್ತಾ?"

"ಹಬ್ಬದ ಮುಂದ ನೂರು. ಬಂದು ಎಣಿಸ್ರಿ ಬೇಕಾದ್ರ."

ಅಧಿಕಾರಿ ಈ ಸಲ ನಕ್ಕರು. ಮೊಹರು ಬಿತ್ತು. ಅದು ಬಿದ್ದಂತೆಲ್ಲ ಹೊರಗೆ ಹೆಂಗಸರು ಎಳೆ ಎಣಿಸುವ ರಾಗದಲ್ಲಿ ಎಣಿಸಿದರು. ಕೊನೆಯ ಮೊಹರು ಮಾಸುಮಬಿಯದು.

"ಅರವತ್ತಮೂರು! ಶಿವಭಕ್ತ ಪುರಾತನರ ಲೆಕ್ಕ ತುಂಬಿತು" ಎಂದು ಶಿವಲಿಂಗವ್ವ ಅವಳ ಕೈಹಿಡಿದು ಗರಗರ ತಿರುಗಿಸಿದಳು.

ಹಣಮೇಶ ಅಮೀನಗಡಕ್ಕೆ ಹೋಗಿ ಕರದಂಟು ತಂದಿದ್ದ. ಅವನ ಕೈಗೆ ಡಬ್ಬಿ ಮರಳುವ ಹೊತ್ತಿಗೆ ತಳದಲ್ಲಿ ಅಂಟು ಮಾತ್ರ ಇತ್ತು.

ಮೂರು ತಿಂಗಳಿಗೆ ಕಾರ್ಡು ಬಂದವು. ಮಾಸುಮಬಿಯದರಲ್ಲಿ ‘ಕೆಲಸ’ ಎಂಬಲ್ಲಿ ಕೊಂಡಿ ಕೂಡಿಸುವುದು ಎಂದಿತ್ತು. ಅವಳು ಅದನ್ನು ಗಂಡನಿಗೆ ಎರಡು ಸಲ ಓದಿ ಹೇಳಿದಳು, ಅವರು ಒಂದೇ ಸಲಕ್ಕೆ ಕೇಳಿಸಿಕೊಂಡಿದ್ದರೂ.

ಅದೇ ವಾರ ಹುನಗುಂದದಿಂದ ಐದು ಮಂದಿ ಹೆಂಗಸರು ವಿಳಾಸ ಕೇಳಿಕೊಂಡು ಕುಣಿಸಾಲಿಗೆ ಬಂದರು. "ಇಲ್ಲಿ ಅರ್ಜಿ ಬರ್ಯೋರು ಯಾರ್ರಿ?"

ಹಣಮೇಶ ಎದ್ದು ನಿಂತ. ಶಿವಲಿಂಗವ್ವ ಅವನ ಅಂಗಿ ಹಿಡಿದು ಕೂರಿಸಿ, ಕುಣಿಯ ಅಂಚಿನಲ್ಲಿ ಸರಿದು ಜಾಗ ಮಾಡಿದಳು.

"ನೀವ. ಬರ್ರಿ, ಕಾಲ ಇಳಿಬಿಟ್ಟು ಕುಂದರ್ರಿ."