ವೈನಿ ಹೊರಗಿಟ್ಟ ಶೇಗಡಿ

ನೌಬಾದದ ನಮ್ಮ ಪಕ್ಕದ ಮನೆಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಕೆಂಡದ ಮೇಲೆ ಉದುರಿಸಿದ ಅಜವಾನದ ಹೊಗೆ ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆಗೂ ನುಗ್ಗಿತು. ಒಲೆ ಆರಿಸಿ ನಿಂತೆ. ಭಾಲ್ಕಿಯ ವೈನಿಯೇ ಬಂದು ಬಾಗಿಲಲ್ಲಿ ನಿಂತಂತಾಯಿತು…

ಭಾಲ್ಕಿಯಲ್ಲಿ ಬಾಡಿಗೆಗಿದ್ದಾಗ ನಮ್ಮ ಗೋಡೆಗೆ ಹತ್ತಿದ ಮನೆ ಅವರದು. ಬಳಗವೇನಲ್ಲ, ಇಡೀ ಓಣಿಗೇ ಅತ್ತಿಗೆಯಂತಿದ್ದ ಅವರನ್ನು ಎಲ್ಲರೂ ವೈನಿ ಎನ್ನುತ್ತಿದ್ದರು. ಹೇಳದೆ ಕೇಳದೆ ಒಳಗೆ ಬರುವವರು, ಬಂದರೆ ಸಾರಿಗೆ ಉಪ್ಪು ಕಡಿಮೆ ಎನ್ನದೆ ಹೋಗುತ್ತಿರಲಿಲ್ಲ.

ಎರಡು ಸಿಸೇರಿಯನ್ ಆದ ಮೇಲೆ ನಾನು ಮತ್ತೆ ಬಸಿರಾದೆ. ಬೇಡವೆಂದು ನಾನೂ ಗಂಡನೂ ತೀರ್ಮಾನಿಸಿದ್ದೆವು. ಆದರೆ ಗರ್ಭ ತೆಗೆಸಿಕೊಳ್ಳಲು ಹೋಗಿ ನಾನೇ ಸತ್ತರೆ ಮಕ್ಕಳ ಗತಿಯೇನು ಎಂಬ ಭಯ ಬಿಡಲೊಲ್ಲದಾಯಿತು. ಬೀದರಿನ ದವಾಖಾನೆಗೆ ವೈನಿ ಜೊತೆಗೆ ಬಂದರು. ನಾನು ಬಾಯಿ ತೆರೆಯುವ ಮೊದಲೇ ಕೇಳಿಬಿಟ್ಟರು: "ಇಕಿ ಜೀವಕ್ಕೇನೂ ಆಗಂಗಿಲ್ಲಲ್ರಿ?"

"ಟೈಮಿಗೆ ಬಂದೀರಿ. ಕಾಯ್ದೆ ಪ್ರಕಾರ ದವಾಖಾನ್ಯಾಗೇ ಮಾಡ್ತೀವಿ. ಹಡಿಯೂದಕ್ಕಿಂತ ಇದರಾಗ ಅಪಾಯ ಕಮ್ಮಿ ಅದರಿ. ಪೂರಾ ಇಲ್ಲಂತ ಹೇಳಂಗಿಲ್ಲ. ಜ್ವರ ಬಂದ್ರ, ರಕ್ತ ಭಾಳ ಹೋದ್ರ ಮನ್ಯಾಗ ಕೂಡಬ್ಯಾಡ್ರಿ" ಎಂದರು ಲೇಡಿ ಡಾಕ್ಟರ್.

ಎಲ್ಲ ಸಲೀಸಾಗಿ ಮುಗಿಯಿತು. ಮನೆಗೆ ಬಂದದ್ದೇ ತಡ, ವೈನಿ ಬಾಣಂತನ ಶುರುಮಾಡಿದರು. ತಲೆಗೆ ಸ್ಕಾರ್ಫು, ಕಿವಿಗೆ ಹತ್ತಿ, ನಾನು ಮಲಗಿದ ಹೊರಸಿನ ಕೆಳಗೆ ಶೇಗಡಿಯ ತುಂಬ ಕೆಂಡ, ಮೇಲೆ ಅಜವಾನ.

"ಕೂಸಿಲ್ಲ, ಇದೆಲ್ಲ ಯಾಕ್ರಿ ವೈನಿ?" ಎಂದೆ.

"ಕೂಸಿಲ್ಲಂದ್ರ ಏನಾತು? ನಿನ್ನ ಮೈ ಹಸೀನೇ ಅದ. ಸುಮ್ನ ಮಲಕೋ."

ಅವರ ಕಡೆ ಬೆನ್ನು ಮಾಡಿ ಅತ್ತೆ. ಆ ಆರೈಕೆ ನನಗೆ ಎಷ್ಟು ಬೇಕಾಗಿತ್ತೆಂದು ಅವರಿಗೆ ಹೇಗೆ ತಿಳಿಯಿತೋ…

ಒಂದೆರಡು ದಿನಕ್ಕೆ ಮೈ ಸುಡತೊಡಗಿತು. ಕೆಂಡದ ಕಾವು ಎಂದೆ ನಾನು. ಗಂಡನೂ ಹೌದೆಂದ. ವೈನಿ ಮಾತ್ರ ಶೇಗಡಿ ಎಳೆದು ಅಂಗಳಕ್ಕಿಟ್ಟರು, ಸ್ಕಾರ್ಫು ಬಿಚ್ಚಿದರು, ಕಿಟಕಿ ತೆರೆದು ನನ್ನ ಹಣೆ ಮುಟ್ಟುತ್ತ ಪಕ್ಕ ಕೂತರು. ಕೋಣೆ ತಣ್ಣಗಾದರೂ ನನ್ನ ಹಣೆ ತಣ್ಣಗಾಗಲಿಲ್ಲ.

"ಔರಾದದಾಗ ನನ್ನ ತಂಗಿ ಕದ್ದು ಗುಳಿಗಿ ನುಂಗಿದ್ಳು. ಬಸಿರು ಇಳದ ಮ್ಯಾಲ ಮನ್ಯಾಗೇ ಮಲಗಿಸಿ ಶೇಗಡಿ ಇಟ್ವಿ. ಮೈ ಸುಟ್ರ ಕೆಂಡದ ಕಾವು ಅಂತ ಕೂತ್ವಿ. ಹೋದ್ಳು" ಎಂದರು. ಆಮೇಲೆ ನನ್ನ ಗಂಡನ ಕಡೆ ತಿರುಗಿ, "ಏಳ್ರಿ, ಗಾಡಿ ತರ್ರಿ."

ದವಾಖಾನೆಯಲ್ಲಿ ಸೋಂಕು ಎಂದರು, ಸಲಾಯಿನ್ ಹಚ್ಚಿದರು, ಬೇಗ ಬಂದದ್ದು ಒಳ್ಳೆಯದಾಯಿತು ಎಂದರು. ನಾನು ಉಳಿದೆ. ವೈನಿ ಮಾತ್ರ ಅಲ್ಲಿಯ ಸಾರಿಗೂ ಉಪ್ಪು ಕಡಿಮೆ ಎಂದು ಜಗಳ ತೆಗೆದರು!

ಹೋದ ವರ್ಷ ವೈನಿ ತೀರಿಕೊಂಡರು. ಭಾಲ್ಕಿಗೆ ಹೋಗಿ ಅವರ ಹಣೆಯ ಮೇಲೆ ಕೈಯಿಟ್ಟೆ. ತಣ್ಣಗಿತ್ತು. ಅಷ್ಟು ಜನರ ನಡುವೆಯೂ ಅಳು ತಡೆಯಲಾಗಲಿಲ್ಲ.

ಇವತ್ತು ಆ ಹೊಗೆ ಹಿಡಿದು ಪಕ್ಕದ ಮನೆಗೆ ಹೋದೆ. "ಶೇಗಡಿ ಒಂಚೂರು ಹೊರಗಿಡ್ರಿ" ಎಂದು ಹೇಳಿ, ಕೋಣೆ ಆರುವವರೆಗೆ ಕೂತು, ಬಾಣಂತಿಯ ಹಣೆ ಮುಟ್ಟಿ ನೋಡಿದೆ. ಜ್ವರವಿರಲಿಲ್ಲ. ಮನೆಗೆ ಬಂದವಳಿಗೆ ಇದನ್ನು ವೈನಿಗೆ ಹೇಳಬೇಕೆನಿಸಿತು…