ಬಲ್ಬಿಲ್ಲದ ಎಡ ಇಂಡಿಕೇಟರ್

ಮೊದಲೇ ಹೇಳಿಬಿಡುತ್ತೇನೆ: ನೀವು ಇದನ್ನು ನಂಬಲೇಬೇಕೆಂದು ನಾನು ಬರೆಯುತ್ತಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದು ಬೇರೆ ಯಾರೋ ಇದನ್ನು ಹೇಳಿದ್ದರೆ, ಅರ್ಧಕ್ಕೇ ತಡೆದು ನಾಲ್ಕು ಪ್ರಶ್ನೆ ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನ್ನ ಕೆಲಸವೇ ಅದಾಗಿತ್ತು. ಯಾರಾದರೂ "ನಾನು ಕಣ್ಣಾರೆ ಕಂಡೆ" ಎಂದರೆ ನನಗೆ ಖುಷಿ. ಕಣ್ಣಿನ ಸಾಕ್ಷಿಯಷ್ಟು ಸುಲಭವಾಗಿ ಬೀಳಿಸಬಹುದಾದ ವಾದ ಇನ್ನೊಂದಿಲ್ಲ. ಶಿಕಾರಿಪುರದ ನಮ್ಮ ಮನೆಯಲ್ಲಿ ದೆವ್ವದ ಮಾತು ತೆಗೆಯುವವರು ನಾನು ಎದ್ದುಹೋದ ಮೇಲೆ ತೆಗೆಯುತ್ತಿದ್ದರು.

ಈಗ ಹೇಳುವ ಸಂಗತಿಯಲ್ಲಿ ಒಂದು ವಿಚಿತ್ರವಿದೆ. ಇದನ್ನು ನಾನು ಕಣ್ಣಾರೆ ಕಾಣಲೇ ಇಲ್ಲ. ಕಂಡವರು ಬೇರೆಯವರು, ಪರಸ್ಪರ ಗುರುತಿಲ್ಲದವರು.

ನಾಲ್ಕೈದು ವರ್ಷದ ಹಿಂದಿನ ಮಾತು. ನನ್ನ ಅಕ್ಕನನ್ನು ಜಡೆಯ ಹತ್ತಿರದ ಒಂದು ಹಳ್ಳಿಗೆ ಕೊಟ್ಟಿತ್ತು. ಭಾವ ಒಳ್ಳೆಯ ಮನುಷ್ಯ. ಒಂದು ದಿನ ಎದೆನೋವು ಎಂದು ಮಲಗಿದವರು ಏಳಲಿಲ್ಲ. ವರ್ಷ ಕಳೆದ ಮೇಲೆ ಅಕ್ಕ ಶಿರಾಳಕೊಪ್ಪದಲ್ಲಿ ಒಂದು ಮಳಿಗೆ ಹಿಡಿದು ಹೊಲಿಗೆ ಅಂಗಡಿ ಇಡುತ್ತೇನೆ ಎಂದಳು. ಅಂಗಡಿಯ ಹಿಂದೆಯೇ ಒಂದು ಕೋಣೆ, ವಾಸಕ್ಕೆ. ಅವಳ ಮೈದುನ ಬೇಡ ಎನ್ನಲಿಲ್ಲ. ಅತ್ತೆ ಬೇಡ ಎನ್ನಲಿಲ್ಲ, ಹೂಂ ಅಂತಲೂ ಅನ್ನಲಿಲ್ಲ. ಆ ಮೌನವೇ ಅಕ್ಕನನ್ನು ತಿನ್ನುತ್ತಿತ್ತು. ಸಾಮಾನು ಕಟ್ಟುವಾಗಲೂ ಅವಳದು ಒಂದೇ ಮಾತು: "ಅವ್ರಿದ್ದಿದ್ರೆ ಏನಂತಿದ್ರೋ."

"ಇದ್ದಿದ್ರೆ ನೀನು ಹೋಗ್ತಾನೇ ಇರ್ಲಿಲ್ಲ. ಪ್ರಶ್ನೆನೇ ತಪ್ಪು" ಎಂದೆ ನಾನು.

"ಹೌದಪ್ಪಾ, ನಿನ್ನ ಕೇಳಿದ್ದು ನನ್ ತಪ್ಪು" ಎಂದಳು.

ಭಾವನ ಟ್ರ್ಯಾಕ್ಟರಿನಲ್ಲೇ ಸಾಮಾನು ಸಾಗಿಸುವುದೆಂದು ನಿಶ್ಚಯವಾಗಿತ್ತು. ಮೈದುನ ಎಂಜಿನ್ನನ್ನು ಉಳುಮೆಗೆ ಬಳಸುತ್ತಿದ್ದರೂ ಟ್ರೇಲರ್ ವರ್ಷದಿಂದ ಕೊಟ್ಟಿಗೆಯ ಪಕ್ಕದಲ್ಲಿ ನಿಂತೇ ಇತ್ತು. ಹೊಲಿಗೆ ಯಂತ್ರ ಎರಡು, ಕತ್ತರಿಸುವ ಮೇಜು, ಬೀರು, ಮಂಚ ಎಲ್ಲ ಏರಿಸಿ, ದೀಪ ನೋಡೋಣವೆಂದು ಟ್ರೇಲರಿನ ಪ್ಲಗ್ಗನ್ನು ಟ್ರ್ಯಾಕ್ಟರಿಗೆ ಚುಚ್ಚಿದರೆ ಎಲ್ಲ ಅಸ್ತವ್ಯಸ್ತ. ಬ್ರೇಕ್ ತುಳಿದರೆ ಇಂಡಿಕೇಟರ್ ಮಿಣುಕುತ್ತದೆ, ಬಲಕ್ಕೆ ಹಾಕಿದರೆ ಹಿಂದಿನ ಕೆಂಪುದೀಪ ಹೊಡೆದುಕೊಳ್ಳುತ್ತದೆ. ಇದಕ್ಕೆ ಗಾಬರಿ ಬೇಕಿಲ್ಲ. ಕರೆಂಟು ದೀಪಕ್ಕೆ ಹೋದ ಮೇಲೆ ವಾಪಸು ಬರುವ ದಾರಿ ಬೇಕು. ಟ್ರೇಲರಿನ ಕಬ್ಬಿಣವೇ ಆ ದಾರಿ. ಅದು ತುಕ್ಕು ಹಿಡಿದರೆ ಕರೆಂಟು ಪಕ್ಕದ ಬಲ್ಬಿನೊಳಗೆ ನುಗ್ಗಿ ದಾರಿ ಮಾಡಿಕೊಳ್ಳುತ್ತದೆ. ಮೆಕ್ಯಾನಿಕ್ಕುಗಳು ಇದನ್ನು ಅರ್ಥ್ ಇಲ್ಲದಿರುವುದು ಎನ್ನುತ್ತಾರೆ.

"ಅರ್ಥ್ ಇಲ್ಲ ಕಣೇ" ಎಂದು ಟ್ರೇಲರಿನ ಕೆಳಗಿಂದ ಕೂಗಿದೆ.

"ನಿನ್ ಭಾಷಣದಲ್ಲೂ ಅದೇ ಇರಲ್ಲ" ಎಂದಳು ಅಕ್ಕ. ಆ ದಿನ ಅವಳು ನಕ್ಕದ್ದು ಅದೊಂದೇ ಸಲ.

ಪ್ಲಗ್ಗಿನ ಕಡ್ಡಿಗಳಿಗೆ ಹತ್ತಿದ್ದ ಹಸಿರು ಕಿಲುಬನ್ನು ಕೆರೆದೆ. ಟ್ರೇಲರಿನ ಚಾಸಿಯ ಒಂದು ಕಡೆ ತುಕ್ಕು ಉಜ್ಜಿ, ಅಲ್ಲಿಂದ ಟ್ರ್ಯಾಕ್ಟರಿಗೆ ಹೊಸ ವೈರೊಂದನ್ನು ಬಿಗಿದೆ. ಎಲ್ಲ ಸರಿಯಾಯಿತು, ಎಡ ಇಂಡಿಕೇಟರ್ ಒಂದನ್ನು ಬಿಟ್ಟು. ಬಲ್ಬ್ ಬದಲಿಸಿ ನೋಡಿದೆ. ಟೆಸ್ಟ್ ಲ್ಯಾಂಪ್ ಹಿಡಿದರೆ ಅಲ್ಲಿಗೆ ಕರೆಂಟೇ ಬರುತ್ತಿಲ್ಲ. ವೈರು ಹಾಯಿಸಿದ್ದ ಪೈಪಿನೊಳಗೆಲ್ಲೋ ಅದು ತುಂಡಾಗಿರಬೇಕು. ಬಿಚ್ಚುತ್ತ ಕೂರಲು ಹೊತ್ತಿರಲಿಲ್ಲ. ಎಡಕ್ಕೆ ತಿರುಗುವಾಗ ಕೈ ತೋರಿಸಿದರಾಯಿತೆಂದು ಹೊರಟೆವು. ಅತ್ತೆ ಬಾಗಿಲಿಗೆ ಬಂದು ನಿಂತರು. ಅಕ್ಕ ಕಾಲಿಗೆ ಬಿದ್ದಾಗ ತಲೆಯ ಮೇಲೆ ಕೈಯಿಟ್ಟರು. ಹಾಗೇ ಒಳಗೆ ಹೋದರು.

ಸಂಜೆಯಾಗಿತ್ತು. ಅಕ್ಕ ನನ್ನ ಎಡಗಡೆ ಮಡ್‌ಗಾರ್ಡ್ ಮೇಲೆ ಕೂತು ಹಿಂದಕ್ಕೇ ನೋಡುತ್ತಿದ್ದಳು. ಸ್ವಲ್ಪ ದೂರ ಬಂದಿದ್ದೆವು. ಬೈಕಿನವನೊಬ್ಬ ಪಕ್ಕಕ್ಕೆ ಬಂದು, "ಏನ್ರೀ, ಲೆಫ್ಟ್ ಹಾಕ್ಕಂಡು ಸೀದಾ ಹೋಗ್ತಿದೀರಲ್ರೀ, ಆಫ್ ಮಾಡ್ರಿ" ಎಂದು ಕೂಗಿ ಹೋದ. ಸ್ವಿಚ್ ನೋಡಿದೆ. ನಡುವಿನಲ್ಲೇ ಇತ್ತು. ಇಳಿದು ಹಿಂದೆ ಹೋದೆ. ಕೆಂಪುದೀಪ ಉರಿಯುತ್ತಿತ್ತು, ಎಡ ಇಂಡಿಕೇಟರ್ ಸತ್ತೇ ಇತ್ತು.

ವಿವರಣೆ ಕೂಡಲೇ ಹೊಳೆಯಿತು. ತುಂಡಾದ ವೈರಿನ ತುದಿ ಕುಲುಕಾಟಕ್ಕೆ ಕೆಂಪುದೀಪದ ವೈರಿಗೆ ತಾಗುತ್ತಿರಬೇಕು. ತಾಗಿದಾಗ ಹತ್ತುತ್ತದೆ, ಬಿಟ್ಟಾಗ ಆರುತ್ತದೆ. ನೋಡುವವರಿಗೆ ಸಿಗ್ನಲ್. ಗಾಜು ಬಿಚ್ಚಿ ಬಲ್ಬನ್ನೇ ಕಿತ್ತು ಜೇಬಿಗೆ ಹಾಕಿಕೊಂಡೆ. ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಕೇಳಿಸಿಕೊಂಡಂತೆ ಕಾಣಲಿಲ್ಲ.

ಕತ್ತಲು ಇಳಿಯುವ ಹೊತ್ತಿಗೆ ಹಿಂದೆ ಒಂದು ಗೂಡ್ಸ್ ಆಟೋ ಹಾರ್ನ್ ಹೊಡೆಯತೊಡಗಿತು. ಅದರ ತುಂಬ ಕುರಿಗಳು. ಬದಿಗೆ ನಿಲ್ಲಿಸಿದೆ. ಕಂಬಳಿ ಹೊದ್ದ ದಪ್ಪ ಮೀಸೆಯ ಯಜಮಾನ ಕಿಟಕಿಯಿಂದ ತಲೆ ಹೊರಹಾಕಿದ.

"ಎಡಕ್ಕೆ ಹೊಳ್ತೀಯೋ ಇಲ್ಲೋ ಒಂದ್ ಹೇಳಪ್ಪಾ. ಆಗ್ಲಿಂದ ಪಿಳಿಪಿಳಿ ಪಿಳಿಪಿಳಿ. ನನ್ ಕುರಿಗೂ ತಲಿ ತಿರಗಾಕ ಹತ್ತೈತಿ."

"ಯಾವ ದೀಪ ನೋಡಿದ್ರಿ? ಬಲ್ಬೇ ಇಲ್ವಲ್ರೀ ಅದ್ರಲ್ಲಿ" ಎಂದು ಜೇಬಿನಿಂದ ತೆಗೆದು ತೋರಿಸಿದೆ.

ಅವನು ಬಲ್ಬನ್ನೂ ನನ್ನನ್ನೂ ನೋಡಿದ. "ಚಲೋ ಆತು. ಬಲ್ಬ್ ಕಿಸೆದಾಗ ಇಟ್ಕಂಡು ಟ್ರ್ಯಾಕ್ಟರ್ ಹೊಡಿಯಾಂವನ್ನ ಇವತ್ತ ನೋಡಿದ್ನಿ" ಎಂದು ಮುಂದೆ ಹೋದ.

ನಾನು ಸೋಲಲಿಲ್ಲ. ಬಲ್ಬಿಲ್ಲದಿದ್ದರೂ ಗಾಜು ಇದೆ, ಒಳಗೆ ಹೊಳೆಯುವ ತಗಡು ಇದೆ. ಆಟೋದ ಹೆಡ್‌ಲೈಟು ಅದಕ್ಕೆ ಬಿದ್ದು, ಟ್ರೇಲರ್ ಕುಲುಕಿದಾಗ ಮಿನುಗಿರುತ್ತದೆ. ಅಷ್ಟೇ. ಟ್ರ್ಯಾಕ್ಟರಿನದೇ ಇಂಡಿಕೇಟರ್ ಇರಬಹುದೇ ಎಂದೂ ಯೋಚಿಸಿದೆ. ಆದರೆ ಅದು ಇದ್ದದ್ದು ಅಕ್ಕ ಕೂತಿದ್ದ ಮಡ್‌ಗಾರ್ಡಿನ ಮೇಲೆ. ಹೊಡೆದುಕೊಂಡಿದ್ದರೆ ಮೊದಲು ಅವಳಿಗೇ ಕಾಣುತ್ತಿತ್ತು.

ನಾವು ನಿಂತಿದ್ದ ಜಾಗದಲ್ಲಿ ಎಡಕ್ಕೆ ಒಂದು ಮಣ್ಣುರಸ್ತೆ ಒಡೆಯುತ್ತದೆ. ಸುತ್ತಿಬಳಸಿ ಅದು ಮತ್ತೆ ಅಕ್ಕನ ಅತ್ತೆಯ ಊರನ್ನೇ ಸೇರುತ್ತದೆ. ಅಕ್ಕ ಅದನ್ನೇ ನೋಡುತ್ತಿದ್ದಳು.

"ಎಡಕ್ಕೆ ತಿರುಗ್ಸು" ಎಂದಳು.

"ಯಾಕೆ?"

"ತಿರುಗ್ಸು ಅಂದ್ರೆ ತಿರುಗ್ಸೋ. ಅವ್ರಿಗೆ ಇಷ್ಟ ಇಲ್ಲ. ಅವ್ರ ಗಾಡಿ ಅದು."

ಅಲ್ಲಿ ಕತ್ತಲಲ್ಲಿ ನಿಂತು ನಾನು ವಾದಿಸಿದೆ. ವೈರಿಂಗ್ ಬಗ್ಗೆ, ತಗಡಿನ ಬಗ್ಗೆ, ಇಬ್ಬರು ದಾರಿಹೋಕರ ಮಾತಿಗೆ ಬದುಕು ತಿರುಗಿಸುವುದರ ಬಗ್ಗೆ. ಸತ್ತವರಿಗೆ ಬ್ಯಾಟರಿ ಎಲ್ಲಿಂದ ಬರುತ್ತೆ ಎಂದೂ ಕೇಳಿದೆ. ಅಕ್ಕ ಕೆಳಗಿಳಿದು ಮಣ್ಣುರಸ್ತೆಯ ಕಡೆ ಮುಖ ಮಾಡಿ ನಿಂತಳು. ನೀನು ಬರದಿದ್ದರೆ ನಡೆದೇ ಹೋಗುತ್ತೇನೆ ಎನ್ನುವ ನಿಲುವು. ಮಾತಿನಲ್ಲಿ ಗೆಲ್ಲುವುದು ನನಗೆ ಗೊತ್ತು. ಮಾತಾಡದವಳ ಮುಂದೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಎಂಜಿನ್ ಆರಿಸಲೂ ಆಗದೆ ಮುಂದೆ ಹೋಗಲೂ ಆಗದೆ ಚಡಪಡಿಸುತ್ತಿದ್ದೆ.

ಆಗ ಹಿಂದಿನ ಕತ್ತಲಿನಿಂದ ಒಂದು ಮೊಪೆಡ್ ಬಂತು. ಅದಕ್ಕೆ ದೀಪವೇ ಇರಲಿಲ್ಲ. ಮೊಪೆಡ್ಡಿನ ಮೇಲೆ ತಲೆಗೆ ಟವೆಲ್ ಸುತ್ತಿದ ಒಬ್ಬ ಹಿರಿಯರು. ಕಾಲು ಊರಿ ನಿಲ್ಲಿಸಿದರು.

"ನಿಲ್ಸೇಬಿಟ್ರಾ ಮಾರಾಯ್ರೇ? ಆಗಿಂದ ಲೆಫ್ಟ್ ಹಾಕಿ ಹಾಕಿ ಸೈಡ್ ಕೊಡ್ತೀರಿ, ದೊಡ್ ಮನಸ್ಸು. ಆದ್ರೆ ನನ್ ಗಾಡಿ ಲೈಟು ಹೋಗಿ ಕೂತಿದೆ. ನಿಮ್ ಕೆಂಪುದೀಪ ನೋಡ್ಕಂಡೇ ಇಲ್ಲೀತನಕ ಬಂದೆ. ನಾನು ಮುಂದೆ ಹೋಗಿ ಎಂಥ ಮಾಡ್ಲಿ? ನೀವೇ ಮುಂದೆ ನಡೀರಿ."

ನನಗೆ ಮೊದಲು ತಟ್ಟಿದ್ದು ಇಷ್ಟೇ: ಇವರ ಗಾಡಿಗೆ ಹೆಡ್‌ಲೈಟಿಲ್ಲ. ತಗಡು ಮಿನುಗಿತೆನ್ನಲು ಬೆಳಕೇ ಇರಲಿಲ್ಲ.

ಅಕ್ಕನಿಗೆ ತಟ್ಟಿದ್ದು ಬೇರೆ. ಅವಳು ಬಿರಬಿರನೆ ಅವರ ಹತ್ತಿರ ಬಂದಳು. "ಏನಂದ್ರಿ? ಸೈಡ್ ಕೊಡ್ತಿತ್ತಾ?"

"ಮತ್ತೆಂಥದಮ್ಮಾ? ಹಿಂದಿದ್ದೋರಿಗೆ ದಾರಿ ಬಿಟ್ಟಿದೀನಿ, ಹೋಗಿ ಅಂತ ತಾನೇ ಲೋಡ್ ಗಾಡಿಯೋರು ಲೆಫ್ಟ್ ಹಾಕೋದು?"

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಆ ಕತ್ತಲಲ್ಲಿ ಗೊತ್ತಾಗಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ, "ಅವ್ರು, ಹಿಂದೆ ಒಂದು ಲೂನಾ ಬಂದ್ರೂ ಎಡಕ್ಕೆ ಹಾಕಿ ಜರುಗಿಬಿಡೋರು ಕಣೋ. ಹಿಂಗೆ ಎಲ್ಲಾರ್ಗೂ ದಾರಿ ಬಿಟ್ರೆ ನಾವು ಊರು ಮುಟ್ಟೋದು ಯಾವಾಗ ಅಂತ ಬೈತಿದ್ದೆ" ಎಂದಳು. ಮಡ್‌ಗಾರ್ಡ್ ಹತ್ತಿ ಕೂತಳು. "ನಡಿ. ದಾರಿ ಬಿಟ್ಟಿದಾರೆ."

ನೆಟ್ಟಗೆ ಹೊರಟೆವು. ಅಕ್ಕ ಮತ್ತೆ ಹಿಂದಕ್ಕೆ ನೋಡಲಿಲ್ಲ. ಶಿರಾಳಕೊಪ್ಪದ ಬೀದಿದೀಪ ಸಿಕ್ಕ ಕೂಡಲೇ ನಿಲ್ಲಿಸಿ, ಮೊಪೆಡ್ಡಿನವರನ್ನು ಹಿಡಿದುಕೊಂಡು ಕೇಳಿದೆ. ಎಂಥ ಬಣ್ಣ? ಹಳದಿ. ಎಡದ್ದೇನಾ? ಎಡದ್ದೇ. ಬರೀ ಮಿನುಗಿತೋ, ಸರಿಯಾಗಿ ಹೊಡೆದುಕೊಳ್ಳುತ್ತಿತ್ತೋ? ಸರಿಯಾಗಿ, ತಾಳ ಹಾಕಿದಂತೆ. ತಿರುವು ಬಿಟ್ಟ ಮೇಲೆ? "ಒಂದ್ ಸಲಾನೂ ಇಲ್ಲ." ನಾನು ಬಲ್ಬ್ ತೋರಿಸಲಿಲ್ಲ. ಅವರು ನನಗೊಂದು ಟೀ ಕುಡಿಸುತ್ತೇನೆಂದರು. ಬೇಡವೆಂದೆ.

ಮರುದಿನ ಟ್ರೇಲರ್ ವಾಪಸು ಕೊಟ್ಟು, ಅಲ್ಲೇ ಕೂತು ಪೈಪಿನ ವೈರನ್ನೆಲ್ಲ ಹೊರಗೆಳೆದೆ. ಇಲಿ ಕಡಿದು ಎಡ ಇಂಡಿಕೇಟರಿನ ವೈರು ಒಂದು ಗೇಣಿನಷ್ಟು ಇರಲೇ ಇಲ್ಲ. ಉಳಿದ ತುದಿಯ ಹತ್ತಿರ ಬೇರೆ ಯಾವ ವೈರೂ ಹಾಯ್ದಿರಲಿಲ್ಲ. ಮೂವರೂ ಸುಳ್ಳು ಹೇಳಿದರೇ? ಲಾಭವೇನು? ಮೂವರಿಗೂ ಒಂದೇ ಭ್ರಮೆಯೇ? ನನ್ನ ಎದುರಾಳಿ ಹಾಗೆ ವಾದಿಸಿದ್ದರೆ ನಾನು ನಗುತ್ತಿದ್ದೆ. ಆಮೇಲೂ ಬಿಡಲಿಲ್ಲ. ಮೈದುನನನ್ನು ಕಾಡಿ, ಬಲ್ಬಿಲ್ಲದ ಅದೇ ಟ್ರೇಲರನ್ನು ಅದೇ ದಾರಿಯಲ್ಲಿ, ಅದೇ ಹೊತ್ತಿನಲ್ಲಿ ಓಡಿಸುವಂತೆ ಮಾಡಿ, ಬೈಕಿನಲ್ಲಿ ಹಿಂದೆ ಹೋದೆ. ಒಮ್ಮೆ ಹೆಡ್‌ಲೈಟ್ ಹಾಕಿ, ಒಮ್ಮೆ ಆರಿಸಿ. ಇನ್ನೂ ಎರಡು ಮೂರು ಸಲ ಹೋದೆ. ಮೈದುನನಿಗೆ ಸಾಕಾಯಿತು. ಕೆಂಪುದೀಪ ಬಿಟ್ಟು ನನಗೇನೂ ಕಾಣಲಿಲ್ಲ.

ಕೊನೆಗೆ ಒಂದು ದಿನ ಅಕ್ಕನ ಅಂಗಡಿಗೆ ಹೋಗಿ ಇದೆಲ್ಲ ಹೇಳಿದೆ. ಮದುವೆಯ ರವಿಕೆಗಳ ರಾಶಿಯ ನಡುವೆ ಕೂತಿದ್ದಳು. ಅತ್ತೆ ಹಿಂದಿನ ದಿನ ತಾವೇ ಬಂದು ಕೊಟ್ಟುಹೋದ ಬಟ್ಟೆಯೂ ಅದರಲ್ಲಿತ್ತಂತೆ. ನಾನು ಎಷ್ಟು ಸಲ ಹಿಂದೆ ಹೋದೆ, ಹೇಗೆಲ್ಲ ಪರೀಕ್ಷಿಸಿದೆ ಎಂಬುದನ್ನೆಲ್ಲ ಸಮಾಧಾನದಿಂದ ಕೇಳಿದಳು. ಯಂತ್ರ ನಿಲ್ಲಿಸಲಿಲ್ಲ.

"ನಿನಗ್ಯಾಕೋ ಅವ್ರು ಸೈಡ್ ಕೊಡ್ಬೇಕು? ನೀನು ಮುಂದೆ ಎಲ್ಲಿಗೆ ಹೊರಟಿದ್ದೆ?" ಎಂದಳು.

ತಮಾಷೆಗೆ ಅಂದಳೇ, ನಿಜಕ್ಕೂ ಕೇಳಿದಳೇ ಎಂದು ನಾನು ಮುಖ ನೋಡಿದೆ. ಅವಳು ಹೊಲಿಯುತ್ತಲೇ ಇದ್ದಳು.